ಸಮರ್‌ಕಂದ್‌ಗೆ ಹೋಗುವವರು ಕೋನಿಗಿಲ್‌ಗೆ ಅರ್ಧ ದಿನ ಎತ್ತಿಡಿ

ಉಜ್ಬೇಕಿಸ್ತಾನದ ಸಮರ್‌ಕಂದ್ ಅಂದರೆ ಎಲ್ಲರೂ ರೆಗಿಸ್ತಾನ್ ಚೌಕ, ತೈಮೂರನ ಗೋರಿ ನೋಡಿ ಬರುತ್ತಾರೆ. ನೋಡಲೇಬೇಕು ಬಿಡಿ. ಆದರೆ ಊರಂಚಿನ ಕೋನಿಗಿಲ್‌ನಲ್ಲಿ ಹಿಪ್ಪುನೇರಳೆ ತೊಗಟೆಯಿಂದ ಕಾಗದ ಮಾಡುವ 'ಮೆರೋಸ್' ಕಾರ್ಖಾನೆ ಇದೆ. ಪ್ಯಾಕೇಜ್ ಟೂರಿನವರು ಅಲ್ಲಿ ಸುಮ್ನೆ ಒಂದು ಸುತ್ತು ಹಾಕಿಸಿ, ಅಂಗಡಿ ಮುಂದೆ ನಿಲ್ಲಿಸಿಬಿಡುತ್ತಾರೆ. ಆಗುವುದಾದರೆ ನೀವೇ ಹೋಗಿ.

ದೆಹಲಿಯಿಂದ ರಾಜಧಾನಿ ತಾಷ್ಕೆಂಟಿಗೆ ನೇರ ವಿಮಾನ ಇದೆ. ಅಲ್ಲಿಂದ ಸಮರ್‌ಕಂದ್‌ಗೆ ಅಫ್ರಾಸಿಯಾಬ್ ಎಂಬ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಸೀಟು ಬೇಗ ಭರ್ತಿಯಾಗುತ್ತದೆ, ಮೊದಲೇ ಬುಕ್ ಮಾಡಿ. ಸಮರ್‌ಕಂದ್‌ನಲ್ಲಿ ಯಾಂಡೆಕ್ಸ್ ಆ್ಯಪ್‌ನಲ್ಲಿ ಟ್ಯಾಕ್ಸಿ ಹಿಡಿದರೆ ಚೌಕಾಸಿ ತಾಪತ್ರಯ ಇಲ್ಲ. ಏಪ್ರಿಲ್-ಮೇ ಇಲ್ಲವೇ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯ ಕಾಲ. ಜುಲೈ ಬಿಸಿಲು ಬೇಡವೇ ಬೇಡ. ಟೂರ್ ಬಸ್ಸುಗಳು ಬರುವ ಮೊದಲೇ, ಬೆಳಿಗ್ಗೆಯೇ ಹೋಗಿ.

ಕೆಲಸ ಶುರುವಾಗುವ ಕಡೆಯಿಂದಲೇ ನೋಡುತ್ತಾ ಬನ್ನಿ. ನೆನೆಹಾಕಿದ ರೆಂಬೆಗಳಿಂದ ತೊಗಟೆ ಸುಲಿಯುತ್ತಾರೆ. ಹೊರಗಿನ ಕಂದು ಸಿಪ್ಪೆಯನ್ನು ಚಾಕುವಿನಲ್ಲಿ ಹೆರೆದು ತೆಗೆದು, ಒಳಗಿನ ತಿಳಿ ಹಳದಿ ನಾರನ್ನು ಮಾತ್ರ ಹಂಡೆಗೆ ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಆಮೇಲೆ ಕುಟ್ಟುವುದು. ಸಿಯಾಬ್ ಹೊಳೆಯ ನೀರಿಗೆ ಮರದ ಚಕ್ರ ತಿರುಗುತ್ತದೆ, ಅದರ ಜೊತೆಗೇ ದಪ್ಪ ಒನಕೆಗಳು ಧಪ್ ಧಪ್ ಎಂದು ಎದ್ದು ಬೀಳುತ್ತವೆ. ಕೇಳಿಕೊಂಡು, ಬೆಂದ ನಾರನ್ನು ಬೆರಳಲ್ಲಿ ಎಳೆದು ನೋಡಿ. ಉದ್ದುದ್ದ ಎಳೆ ಬಿಡಿಸಿಕೊಂಡು ಬರುತ್ತದೆ. ಕಾಗದಕ್ಕೆ ಗಟ್ಟಿತನ ಬರುವುದೇ ಇದರಿಂದ. ಮಾಮೂಲಿ ಕಾಗದ ಮಾಡುವ ಮರದ ತಿರುಳಿನಲ್ಲಿ ಲಿಗ್ನಿನ್ ಎಂಬ ಅಂಟು ಜಾಸ್ತಿ. ಅದನ್ನು ತೆಗೆಯಲು ರಾಸಾಯನಿಕ ಬೇಕು, ತೆಗೆಯದೆ ಬಿಟ್ಟರೆ ಹಳೆಯ ನ್ಯೂಸ್‌ಪೇಪರಿನಂತೆ ಹಳದಿಯಾಗುತ್ತದೆ. ಒಳತೊಗಟೆಯಲ್ಲಿ ಅದು ಕಡಿಮೆ. ಮರ ಕಡಿಯಬೇಕಾಗಿಯೂ ಇಲ್ಲ, ಸವರಿದ ಕಡೆ ಮತ್ತೆ ಚಿಗುರುತ್ತದೆ.

ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸೊಪ್ಪು ತಿಂದು ಬಿಟ್ಟ ಕಡ್ಡಿ ಎಷ್ಟೋ ಮನೆಗಳಲ್ಲಿ ಒಲೆಗೆ ಹೋಗುತ್ತದೆ ಅಲ್ವಾ? ಅದರ ತೊಗಟೆಯಲ್ಲೂ ಇದೇ ನಾರು ಇದೆ. ರೇಷ್ಮೆ ಬೆಳೆಗಾರರು ಯಾರಾದರೂ ಆ ಕಡೆ ಹೋದರೆ ಇದನ್ನು ನೋಡದೆ ಬರಬೇಡಿ.

ಕುಟ್ಟಿದ ನಾರನ್ನು ನೀರಿಗೆ ಬೆರೆಸಿ, ಜರಡಿಯಲ್ಲಿ ಹಾಳೆಯಾಗಿ ಎತ್ತುತ್ತಾರೆ. ಆಗ ಕೈ ಹಾಕಲು ಬಿಟ್ಟರೆ ಸಂಕೋಚ ಬೇಡ. ಜರಡಿಯನ್ನು ಮಟ್ಟವಾಗಿ ಎತ್ತಬೇಕು, ವಾಲಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಒಣಗಿದ ಹಾಳೆ ಒರಟಾಗಿರುತ್ತದೆ. ಅದನ್ನು ನುಣುಪಾದ ಅಗೇಟ್ ಕಲ್ಲಿನಿಂದ ಉಜ್ಜುತ್ತಾರೆ. ಉಜ್ಜಿದ ಜಾಗ ಕಣ್ಣೆದುರೇ ಹೊಳೆಯತೊಡಗುತ್ತದೆ, ಆಮೇಲೆ ಅದರ ಮೇಲೆ ಶಾಯಿ ಹರಡುವುದಿಲ್ಲ.

ಜಗತ್ತಿನಲ್ಲೇ ಒಳ್ಳೆಯ ಕಾಗದ ಸಮರ್‌ಕಂದ್‌ನದು, ಗಿರಣಿಗಳಿಗೆ ನೀರು ಇದೇ ಜಾಗದಿಂದ ಬರುತ್ತದೆ ಎಂದು ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ನಡುವೆ ನಿಂತೇ ಹೋಗಿದ್ದ ಕಸುಬನ್ನು ಮತ್ತೆ ಎಬ್ಬಿಸಿದವರು ಈ ಕಾರ್ಖಾನೆಯ ಮುಖ್ತಾರೋವ್ ಸಹೋದರರು. ಇಂಥವರಿಗೆ ನಮ್ಮ ದುಡ್ಡು ಸೇರಬೇಕು. ಹಾಗಾಗಿ ಏನಾದರೂ ಕೊಳ್ಳಿ.

ಅಂಗಡಿಯಲ್ಲಿರುವ ಕಾಗದದ ಗೊಂಬೆ, ಚೀಲಕ್ಕಿಂತ ಬಿಡಿ ಹಾಳೆಯೇ ಮೇಲು. ಬರೆಯಲು ಬೇಕಿದ್ದರೆ ಉಜ್ಜಿದ್ದನ್ನೇ ಕೇಳಿ. ಸುರುಳಿ ಸುತ್ತಬೇಡಿ. ಎರಡು ರಟ್ಟಿನ ನಡುವೆ ಇಟ್ಟು ಕ್ಯಾಬಿನ್ ಬ್ಯಾಗಿನಲ್ಲೇ ತನ್ನಿ. ಕೈಯಲ್ಲಿ ಸ್ವಲ್ಪ ಸೋಮ್ (ಅಲ್ಲಿನ ಹಣ) ನೋಟು ಇರಲಿ, ಕಾರ್ಡನ್ನೇ ನಂಬಿಕೊಂಡು ಹೋಗಬೇಡಿ.