ಈ ಸಲ ಕೂದಲಿನ ಚೀಲ ಬೇಗ ತುಂಬಿತು

ನಮ್ಮ ಓಣಿಗೆ ಎರಡು ಮೂರು ತಿಂಗಳಿಗೊಮ್ಮೆ ಕೂದಲು ಕೊಳ್ಳುವ ಹೆಂಗಸು ಬರುತ್ತಾಳೆ. ತಲೆ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಸ್ಟೀಲ್ ಡಬ್ಬಿ, ಪಿನ್ನು, ಬಳೆ. ಬಾಚಣಿಗೆಗೆ ಸಿಕ್ಕ ಕೂದಲನ್ನು ಉಂಡೆ ಸುತ್ತಿ ಎತ್ತಿಡೋದು ನಮ್ಮ ಕೊಪ್ಪಳದ ಕಡೆ ಹೊಸದೇನಲ್ಲ. ಪಕ್ಕದ ಭಾಗ್ಯನಗರದಲ್ಲಿ ಇದೇ ಕೂದಲಿನ ಸಿಕ್ಕು ಬಿಡಿಸಿ, ಉದ್ದ ನೋಡಿ ಬೇರೆ ಮಾಡಿ, ವಿಗ್ಗಿಗೆ ಅಂತ ಹೊರದೇಶಕ್ಕೂ ಕಳಿಸುತ್ತಾರೆ. ನಾನು ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಚೀಲ ನೇತುಹಾಕಿದ್ದೇನೆ, ಅದರಲ್ಲೇ ಹಾಕೋದು. ಹೋದ ವರ್ಷ ದೀಪಾವಳಿ ಆದಮೇಲೆ ಬಂದವಳು ಚೀಲ ಕೈಯಲ್ಲಿ ತೂಗಿ ನೋಡಿ, ಆಮೇಲೆ ನನ್ನ ತಲೆ ನೋಡಿದಳು.

"ಅಕ್ಕಾರ, ಈ ಸಲ ಭಾಳ ಅದಾವಲ್ರೀ. ಆರಾಮ ಅದೀರಿಲ್ಲೋ?"

ದೊಡ್ಡ ಡಬ್ಬಿಯನ್ನೇ ಕೊಟ್ಟು ಹೋದಳು. ನನಗೆ ಅಳು ಬರೋದೊಂದು ಬಾಕಿ.

ಮನೆಯಲ್ಲಿ ಎಲ್ಲರದೂ ಒಂದೇ ಮಾತು, ನೀರು. ಬಾಡಿಗೆ ಮನೆ ಬದಲಾಯಿಸಿದ್ವಿ, ಇಲ್ಲಿ ಬೋರ್‌ವೆಲ್ ನೀರು, ಬಕೆಟ್ ಅಂಚಿಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಕಲೆ. ಗಡಸು ನೀರಿಗೆ ಕೂದಲು ಒರಟಾಗೋದು ನಿಜ. ಆದರೆ ಉದುರಿದ ಒಂದು ಕೂದಲನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ರವೆ ಕಾಳಿಗಿಂತ ಸಣ್ಣ ಬಿಳಿ ಗುಂಡು ಇದ್ದರೆ ಅದು ಮಧ್ಯ ತುಂಡಾಗಿದ್ದಲ್ಲ, ಬುಡದಿಂದಲೇ ಬಿಟ್ಟು ಬಂದಿದ್ದು. ನನ್ನವು ಹತ್ತಕ್ಕೆ ಒಂಬತ್ತು ಹಾಗೇ ಇದ್ದವು. ಇದನ್ನೆಲ್ಲ ನಾನು ಆಮೇಲೆ ಕಲಿತೆ. ಮೊದಲು ಮಾಡಿದ್ದು ಬುದ್ಧಿಗೇಡಿ ಕೆಲಸ: ಮೊಬೈಲಲ್ಲಿ ಜಾಹೀರಾತು ನೋಡಿ ಸುಮಾರು 800 ರೂಪಾಯಿ ಕೊಟ್ಟು ಸ್ಟ್ರಾಬೆರಿ ವಾಸನೆಯ ಬಯೋಟಿನ್ ಗಮ್ಮಿ ತರಿಸಿದೆ. ಬಯೋಟಿನ್ ಅಂದರೆ ಒಂದು ಬಿ ವಿಟಮಿನ್, ಗಮ್ಮಿ ಅಂದರೆ ಅಗಿದು ತಿನ್ನೋ ಮಿಠಾಯಿಯಂಥ ಗುಳಿಗೆ.

ಒಂದು ತಿಂಗಳು ತಿಂದೆ. ಚೀಲ ತುಂಬುತ್ತಲೇ ಇತ್ತು.

ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಐವತ್ತು ಅರವತ್ತು ಕೂದಲು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು, ಕೈಗೆ ಬಂದಿದ್ದನ್ನು ಎಣಿಸಿದರು. ಎಣ್ಣೆ ಯಾವುದು, ಶಾಂಪೂ ಯಾವುದು ಅಂತ ಕೇಳಲೇ ಇಲ್ಲ. ಕೇಳಿದ್ದು ಎರಡೇ. ಉದುರೋಕೆ ಶುರುವಾಗೋ ಎರಡು ಮೂರು ತಿಂಗಳ ಮುಂಚೆ ಜೋರು ಜ್ವರ ಬಂದಿತ್ತಾ? ಮುಟ್ಟು ಜಾಸ್ತಿ ಹೋಗುತ್ತಾ? ಎರಡಕ್ಕೂ ಹೌದು. ಗಣೇಶನ ಹಬ್ಬಕ್ಕೆ ಮುಂಚೆ ಡೆಂಗಿ ಬಂದು ಐದು ದಿನ ಡ್ರಿಪ್ ಹಾಕಿಸಿಕೊಂಡಿದ್ದೆ.

ಅವರು ಹೇಳಿದ್ದು ಹೀಗೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು, ದಿನಕ್ಕೆ 50ರಿಂದ 100 ಉದುರೋದು ಮಾಮೂಲಿ. ಜೋರು ಜ್ವರ, ಹೆರಿಗೆ, ಉಪವಾಸದಂಥ ಡಯಟ್, ಇಂಥದ್ದೇನಾದರೂ ಆದರೆ ಬೆಳೆಯುತ್ತಿರೋ ಕೂದಲು ಒಟ್ಟಿಗೇ ಬೆಳೆಯೋದು ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ, ಎರಡು ಮೂರು ತಿಂಗಳಾದ ಮೇಲೆ ಒಟ್ಟಿಗೇ ಉದುರುತ್ತವೆ. ಅಷ್ಟೊತ್ತಿಗೆ ಜ್ವರ ಮರೆತೇ ಹೋಗಿರುತ್ತೆ, ಹೊಸ ಮನೆ ನೀರಿನ ಮೇಲೆ ತಪ್ಪು ಬರುತ್ತೆ. ಜ್ವರದಿಂದ ಉದುರಿದ್ದು ಸಾಮಾನ್ಯವಾಗಿ ತಾನಾಗೇ ವಾಪಸ್ ಬರುತ್ತದಂತೆ. ಬರೋಕೆ ಮೈಯಲ್ಲಿ ಸರಕು ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿ ನೋಡಬೇಕು ಅಂದರು.

ಲ್ಯಾಬಿನ ಹುಡುಗ ಸೂಜಿ ಹಿಡಿದವನು, "ಕೂದ್ಲದ ಗುಳಗಿ, ಗಮ್ಮಿ ಏನರ ತಗೋತೀರೇನ್ರೀ?" ಅಂದ. ಹೌದು ಅಂದದ್ದೇ ತಡ, ಎರಡು ದಿನ ಬಿಟ್ಟು ಬನ್ನಿ ಅಂತ ಕಳಿಸಿದ. ದಿನಕ್ಕೆ ನಮಗೆ ಬೇಕಾಗೋದು 30-40 ಮೈಕ್ರೋಗ್ರಾಂ ಬಯೋಟಿನ್, ನನ್ನ ಗಮ್ಮಿಯಲ್ಲಿ ಇದ್ದಿದ್ದು 5000. ಅಷ್ಟು ರಕ್ತದಲ್ಲಿದ್ದರೆ ಥೈರಾಯ್ಡ್ ಟೆಸ್ಟು ತಪ್ಪು ತೋರಿಸಬಹುದು, ಹೃದಯಾಘಾತ ಆದಾಗ ಮಾಡುವ ಟ್ರೊಪೋನಿನ್ ಟೆಸ್ಟು ಕೂಡ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನನ್ನ ಡಬ್ಬಿ ಮೇಲೆ ಇದರ ಒಂದಕ್ಷರ ಇಲ್ಲ. ಇನ್ನೊಂದು, ಬಯೋಟಿನ್ ಕೊರತೆ ಆಗೋದೇ ಅಪರೂಪ. ಶೇಂಗಾ, ಮೊಟ್ಟೆಯ ಹಳದಿಯಲ್ಲೆಲ್ಲ ಇರುತ್ತೆ, ನಮ್ಮ ಕಡೆ ಶೇಂಗಾ ಚಟ್ನಿ ಇಲ್ಲದ ಮನೆ ಇದೆಯಾ?

ರಿಪೋರ್ಟ್ ಬಂತು. ಥೈರಾಯ್ಡ್ ಸರಿ. ಹಿಮೋಗ್ಲೋಬಿನ್ 10.8, ಹೆಂಗಸರಿಗೆ ಕನಿಷ್ಠ 12 ಇರಬೇಕು. ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ, 9. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 15ರ ಕೆಳಗೆ ಅಂದರೆ ಕಣಜ ಖಾಲಿ. ವಿಟಮಿನ್ ಡಿ ಕೂಡ ಕಡಿಮೆ. ಕೊಪ್ಪಳದ ಬಿಸಿಲಲ್ಲಿ! ಆದರೆ ನಾನು ಬಿಸಿಲಿಗೆ ಹೋಗೋದೇ ತಲೆಗೆ ಸೆರಗು, ಕೈಗೆ ಗ್ಲೌಸ್ ಹಾಕಿಕೊಂಡು ಸ್ಕೂಟಿ ಮೇಲೆ.

ಕೂದಲಿನ ಬುಡದ ಜೀವಕೋಶಗಳು ಮೈಯಲ್ಲೇ ತುಂಬಾ ಜೋರಾಗಿ ಬೆಳೆಯುವಂಥವು, ಅವಕ್ಕೆ ಕಬ್ಬಿಣ, ಸತು, ಪ್ರೋಟೀನ್ ಎಲ್ಲ ಬೇಕು. ಆದರೆ ಕೂದಲಿಲ್ಲದಿದ್ದರೆ ಜೀವ ಹೋಗಲ್ಲ ಅಲ್ವಾ. ಸಂಬಳ ತಡವಾದ ತಿಂಗಳು ಮನೆಯಲ್ಲಿ ಮೊದಲು ನಿಲ್ಲೋದು ಮಲ್ಲಿಗೆ ಹೂವು, ಮಗುವಿನ ಹಾಲಲ್ಲ. ಮೈ ಕೂಡ ಹಾಗೇ ಸಂಸಾರ ನಡೆಸುತ್ತೆ.

ನನಗೆ ಬೇಜಾರಾಗಿದ್ದು, ನಾವು ತಿನ್ನೋದರಲ್ಲಿ ಕಬ್ಬಿಣ ಇಲ್ಲ ಅಂತೇನಿಲ್ಲ. 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ, ಜೋಳದಲ್ಲಿ 4. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದೂ ಇಲ್ಲ. ಗಂಗಾವತಿ ಸೋನಾಮಸೂರಿ ಅಗ್ಗಕ್ಕೆ ಸಿಗುತ್ತೆ ಅಂತ ನಮ್ಮ ಮನೆಯಲ್ಲೂ ರಾತ್ರಿ ರೊಟ್ಟಿ ಬಡಿಯೋದು ನಿಂತು ಮೂರು ವರ್ಷ ಆಯಿತು. ನಮ್ಮ ವಯಸ್ಸಿನ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಅನ್ನುತ್ತೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಅಷ್ಟೊಂದು ಯಾಕೆ ಅಂದರೆ ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಹತ್ತೋದು ಸ್ವಲ್ಪವೇ, ಕಾಳಲ್ಲೇ ಇರೋ ಫೈಟೇಟ್ ಅನ್ನೋ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತೆ. ಹತ್ತೋ ಆ ಸ್ವಲ್ಪವನ್ನೂ ನಾನು ಚಹಾದಲ್ಲಿ ಕಳೆಯುತ್ತಿದ್ದೆ. ಬೆಳಗ್ಗೆ ಒಗ್ಗರಣೆ ಮಂಡಕ್ಕಿ, ಪಕ್ಕದಲ್ಲಿ ಚಹಾ. ಮಧ್ಯಾಹ್ನ ರೊಟ್ಟಿ ಊಟ, ಕೈ ತೊಳೆಯೋದರೊಳಗೆ ಚಹಾ. ಚಹಾದ ಒಗರಿನ ಅಂಶ ಕಬ್ಬಿಣವನ್ನು ಕರುಳಲ್ಲೇ ಕಟ್ಟಿಹಾಕುತ್ತೆ. ವಿಟಮಿನ್ ಸಿ ಅದಕ್ಕೆ ಉಲ್ಟಾ. ನಿಂಬೆಹಣ್ಣು, ಪೇರಲ ಹಣ್ಣು ಊಟದ ಜೊತೆಗಿದ್ದರೆ ಜಾಸ್ತಿ ಹತ್ತುತ್ತೆ. ಮಡಕಿ ಕಾಳನ್ನು ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆ ಆಗುತ್ತೆ. ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಮೇಲೆ ನಿಂಬೆ ಹಿಂಡೋದು ನಮ್ಮ ಹಳೇ ಊಟವೇ, ನಾನು ಬಿಟ್ಟಿದ್ದೆ ಅಷ್ಟೇ.

ಬರೀ ಊಟದಿಂದ ಫೆರಿಟಿನ್ 9ರಿಂದ ಮೇಲೇಳಲ್ಲ, ಅದಕ್ಕೆ ಡಾಕ್ಟರ್ ಕಬ್ಬಿಣದ ಗುಳಿಗೆ ಬರೆದರು. ಹೊಟ್ಟೆ ಕಟ್ಟುತ್ತೆ, ಬೆಳಗ್ಗೆ ಕಪ್ಪಗೆ ಹೋಗುತ್ತೆ, ಗಾಬರಿ ಬೀಳಬೇಡಿ. ಟೆಸ್ಟ್ ಇಲ್ಲದೆ ಮಾತ್ರ ನುಂಗಬೇಡಿ. ಕಬ್ಬಿಣ ಜಾಸ್ತಿ ಆದರೂ ತೊಂದರೆ. ವಿಟಮಿನ್ ಎ, ಸೆಲೆನಿಯಂ ಜಾಸ್ತಿ ಆದರಂತೂ ಇರೋ ಕೂದಲೇ ಉದುರುತ್ತೆ. ಮತ್ತೆ ನನ್ನ ಗಂಡನ ನೆತ್ತಿಯಂಥದ್ದು ಅವರಪ್ಪನ ಆಸ್ತಿ, ಅದಕ್ಕೆ ಯಾವ ಪಲ್ಯವೂ ಇಲ್ಲ.

ನಾಲ್ಕು ತಿಂಗಳಾಯಿತು, ಫೆರಿಟಿನ್ 31. ಹಣೆ ಮೇಲೆ ಅರ್ಧ ಬೆರಳುದ್ದ ಕೂದಲು ಎಣ್ಣೆ ಹಚ್ಚಿದರೂ ಕೂರದೆ ನಿಂತಿವೆ. ತಿಂಗಳಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಜಡೆಗೆ ಸೇರೋಕೆ ವರ್ಷಗಳೇ ಬೇಕು. ನಮ್ಮತ್ತೆಗೆ ನೀರಿನ ಮೇಲಿನ ಅನುಮಾನ ಇನ್ನೂ ಹೋಗಿಲ್ಲ. ಊಟ ಆದ ಕೂಡಲೇ ಎಲ್ಲರಿಗೂ ಚಹಾ ಸೋಸುತ್ತಾರೆ, ನನ್ನ ಕಪ್ಪಿನ ಮೇಲೆ ಮಾತ್ರ ತಟ್ಟೆ ಮುಚ್ಚಿಡುತ್ತಾರೆ. ಒಂದೂವರೆ ಗಂಟೆ ಬಿಟ್ಟು ಕಾಯಿಸಿಕೊಂಡು ಕುಡಿಯುತ್ತೇನೆ. ಎರಡನೇ ಸಲ ಕಾಯಿಸಿದ ಚಹಾ ಏನೂ ಚೆನ್ನಾಗಿರಲ್ಲ.