ತೆಹೆದಾದಲ್ಲಿ ಊಟ: ನಾಲ್ಕು ಗಂಟೆಯೊಳಗೆ ಕೂತರೆ ಬಚಾವು

ಸ್ಪೇನಿಗೆ ಸೇರಿದ ಗ್ರಾನ್ ಕನೇರಿಯಾ ದ್ವೀಪದ ಬೆಟ್ಟದೂರು ತೆಹೆದಾ. ನಾವು ಅಲ್ಲಿ ತಲುಪಿದಾಗ ಸಂಜೆ ನಾಲ್ಕೂವರೆ. ಬೆಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳೆಸಿ, ಆಮೇಲೆ ಅಷ್ಟೇ ಜೋರಾಗಿ ಹಸಿವಾಗಿತ್ತು. ಮೊದಲ ಹೋಟೆಲಿನಾತ ಗಡಿಯಾರದ ಕಡೆ ಕೈ ತೋರಿಸಿ ‘ಕೊಸೀನಾ ಸೆರ್ರಾದಾ’ ಅಂದ. ಅಡುಗೆಮನೆ ಮುಚ್ಚಿದೆ ಅಂತ. ಪಕ್ಕದಲ್ಲೂ ಅದೇ ಮಾತು. ಕಾಫಿ ಬೇಕಾ, ಬಿಯರ್ ಬೇಕಾ, ಕೂತ್ಕೊಳ್ಳಿ; ಊಟ ಮಾತ್ರ ರಾತ್ರಿ ಎಂಟಕ್ಕೆ. ಆವತ್ತು ನಮ್ಮನ್ನು ಕಾಪಾಡಿದ್ದು ಅತ್ತೆಯವರ ಬ್ಯಾಗಿನ ಚಕ್ಕುಲಿ.

ಹಾಗಾಗಿ ಮೊದಲು ಸಮಯದ ವಿಷಯ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಊಟ, ಮತ್ತೆ ಎಂಟರ ಮೇಲೆ. ಇಂಥ ಸಣ್ಣ ಊರಲ್ಲಿ ಕೆಲವು ಕಡೆ ರಾತ್ರಿ ಒಲೆ ಹಚ್ಚುವುದೇ ಇಲ್ಲ. ವಾರಕ್ಕೊಂದು ರಜೆಯೂ ಇರುತ್ತದೆ, ಒಬ್ಬೊಬ್ಬರದು ಒಂದೊಂದು ದಿನ. ಭಾನುವಾರ ದ್ವೀಪದ ರಾಜಧಾನಿ ಲಾಸ್ ಪಾಲ್ಮಾಸ್‌ನ ಸಂಸಾರಗಳು ಅಜ್ಜಿ-ಮೊಮ್ಮಕ್ಕಳ ಸಮೇತ ಊಟಕ್ಕೆಂದೇ ಬೆಟ್ಟ ಹತ್ತುತ್ತವೆ. ಆವತ್ತು ಒಂದು ಗಂಟೆಗೇ ಹೋಗಿ ಕೂರಿ, ಇಲ್ಲವೇ ಮೊದಲೇ ಫೋನ್ ಮಾಡಿ ಜಾಗ ಹಿಡಿಯಿರಿ.

ತೆಹೆದಾ ಇರುವುದು ದ್ವೀಪದ ನಡುಮಧ್ಯೆ, ಸುಮಾರು 1050 ಮೀಟರ್ ಎತ್ತರದಲ್ಲಿ. ಹಳೆಯ ಜ್ವಾಲಾಮುಖಿಯ ದೊಡ್ಡ ಬೋಗುಣಿಯ ಅಂಚಿಗೆ ಬಿಳಿ ಮನೆಗಳು, ಎದುರಿಗೆ ಬೆಂತಾಯ್ಗಾ ಬಂಡೆ, ಮೇಲೆ 1813 ಮೀಟರ್ ಎತ್ತರದ ರೋಕೆ ನುಬ್ಲೊ ಶಿಖರ. ಈ ಬೆಟ್ಟಸೀಮೆಗೆ 2019ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದೆ. ಜಗಲಿಯಲ್ಲಿ ಕುರ್ಚಿ ಸಿಕ್ಕರೆ ಒಳಗೆ ಕೂರಬೇಡಿ. ಸ್ವೆಟರ್ ಇರಲಿ, ಕಡಲತೀರದ ಬಿಸಿಲು ನಂಬಿ ಹೋದರೆ ನಡುಗುತ್ತೀರಿ.

ಮರುದಿನ ಒಂದೂಕಾಲಿಗೇ ಹಾಜರಾದೆವು. ಸಸ್ಯಾಹಾರಿಗಳು ಕಣ್ಣು ಮುಚ್ಚಿ ಕೇಳಬಹುದಾದದ್ದು ಪಾಪಾಸ್ ಅರ್ರುಗಾದಾಸ್. ಪುಟ್ಟ ಆಲೂಗಡ್ಡೆಗಳನ್ನು ಸಿಪ್ಪೆ ಸಮೇತ ಉಪ್ಪು ಸುರಿದ ನೀರಿನಲ್ಲಿ ಬೇಯಿಸಿ, ನೀರು ಬಸಿದು, ಸಿಪ್ಪೆ ಸುಕ್ಕುಗಟ್ಟುವವರೆಗೆ ಒಣಗಿಸುತ್ತಾರೆ. ಮೈಮೇಲೆ ಉಪ್ಪಿನ ಬಿಳಿ ಪೊರೆ. ಸಿಪ್ಪೆ ಸುಲಿಯಬೇಡಿ, ಹಾಗೇ ತಿನ್ನಬೇಕು. ಜೊತೆಗೆ ಮೊಹೊ ಅನ್ನುವ ಚಟ್ನಿ ಎರಡು ಬಗೆ: ಕೆಂಪಗಿನದು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಎಣ್ಣೆ, ವಿನೆಗರ್ ಹಾಕಿ ಅರೆದದ್ದು, ಹಸಿರಿಗೆ ಕೊತ್ತಂಬರಿ ಸೊಪ್ಪು. ಖಾರ ನಮ್ಮ ನಾಲಿಗೆಗೆ ಏನೂ ಅಲ್ಲ, ಆದರೆ ಜೀರಿಗೆ-ಬೆಳ್ಳುಳ್ಳಿ ಘಮಕ್ಕೆ ಅತ್ತೆ ಆ ಪ್ರವಾಸದಲ್ಲಿ ಮೊದಲ ಸಲ ಎರಡನೇ ಸುತ್ತು ಬಡಿಸಿಕೊಂಡರು. ಸುಟ್ಟ ಚೀಸ್, ಅಂದರೆ ಕೆಸೊ ಅಸಾದೊ ಕೂಡ ಮೊಹೊ ಜೊತೆ ಬರುತ್ತದೆ. ಕರಿದ ಬದನೆಕಾಯಿ ಮೇಲೆ ಜೇನು ಸುರಿದು ಕೊಡುತ್ತಾರೆ. ಕೇಳೋಕೆ ವಿಚಿತ್ರ, ತಟ್ಟೆ ಮಾತ್ರ ಖಾಲಿಯಾಯಿತು.

ಮೋಸ ಹೋಗುವುದು ಸೂಪಿನಲ್ಲಿ. ಪೊತಾಹೆ ದೆ ಬೆರ್ರೊಸ್ ಅಂದರೆ ನೀರಂಚಲ್ಲಿ ಬೆಳೆಯುವ ಒಂದು ಸೊಪ್ಪು, ಕಾಳು, ಆಲೂಗಡ್ಡೆ, ಮೆಕ್ಕೆಜೋಳ ಹಾಕಿದ ಗಟ್ಟಿ ಸಾರು. ನೋಡಿದರೆ ನಮ್ಮ ಮಸ್ಸೊಪ್ಪೇ. ಆದರೆ ಬಹಳ ಕಡೆ ಹಂದಿಯ ಎಲುಬು ಹಾಕಿಯೇ ಕುದಿಸುತ್ತಾರೆ. ‘ಮಾಂಸ ಇಲ್ಲ’ ಅಂದರೆ ತುಂಡು ತೆಗೆದು ಬಡಿಸಿಯಾರು! ಸಲಾಡಿನ ಮೇಲೆ ಟ್ಯೂನಾ ಮೀನು ತಾನಾಗಿ ಬಂದು ಕೂರುತ್ತದೆ. ‘ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಪೆಸ್ಕಾದೊ’ (ಮಾಂಸ, ಹ್ಯಾಮ್ ಅನ್ನುವ ಹಂದಿಮಾಂಸ, ಮೀನು ಬೇಡ), ಮೊಟ್ಟೆ ತಿನ್ನದವರು ‘ಸಿನ್ ವೆವೊ’ ಅಂತ ಬಾಯಿಪಾಠ ಮಾಡಿಕೊಳ್ಳಿ.

ಗೋಫಿಯೊ ಕಂಡಾಗ ಅತ್ತೆ ಚಿಟಿಕೆ ಬಾಯಿಗೆ ಹಾಕಿಕೊಂಡು ‘ಇದು ಹುರಿಹಿಟ್ಟು ಕಣೇ’ ಅಂದರು. ನಿಜಕ್ಕೂ ಅದೇ: ಗೋಧಿಯನ್ನೋ ಮೆಕ್ಕೆಜೋಳವನ್ನೋ ಹುರಿದು ಬೀಸಿದ ಹಿಟ್ಟು. ಸ್ಪೇನಿನವರು ಬರುವ ಮುಂಚಿನಿಂದಲೂ ಈ ದ್ವೀಪಗಳವರ ಆಹಾರ. ಆಗ ಹೆಚ್ಚಾಗಿ ಬಾರ್ಲಿಯದು. ಬಿಸಿ ಸಾರಿನಲ್ಲಿ ಕಲಸಿದ ಗೋಫಿಯೊಗೆ ಮೀನಿನ ಸಾರು ಬಳಸುವುದುಂಟು, ಕೇಳಿ ತಿನ್ನಿ. ಹಿಟ್ಟನ್ನೇ ಪೊಟ್ಟಣದಲ್ಲಿ ಕೊಂಡು ಬೆಳಿಗ್ಗೆ ಹಾಲು-ಸಕ್ಕರೆ ಹಾಕಿ ತಿಂದೆವು, ಎರಡು ದಿನದ ತಿಂಡಿಯ ಚಿಂತೆ ತಪ್ಪಿತು.

ಬ್ರೆಡ್ಡು ಕೇಳದೆ ಮೇಜಿಗೆ ಬಂದರೂ ಬಿಲ್ಲಿನಲ್ಲಿರುತ್ತದೆ. ಬೇಡವಾದರೆ ಆಗಲೇ ವಾಪಸ್ ಕಳಿಸಿ.

ಕಾರಿಲ್ಲದವರು ಲಾಸ್ ಪಾಲ್ಮಾಸ್‌ನಿಂದ 303ನೇ ಬಸ್ಸಲ್ಲಿ ಸಾನ್ ಮತೆಯೊಗೆ ಬಂದು, ಅಲ್ಲಿ 305 ಹಿಡಿಯಬೇಕು. ಬಸ್ಸಿಗೆ ಅಲ್ಲಿನವರು ‘ಗ್ವಾಗ್ವಾ’ ಅಂತಾರೆ. ಓಡಾಟ ಕಡಿಮೆ, ಊಟಕ್ಕೆ ಕೂರುವ ಮುಂಚೆ ವಾಪಸು ಬಸ್ಸಿನ ಹೊತ್ತನ್ನು ಫೋಟೊ ತೆಗೆದಿಟ್ಟುಕೊಳ್ಳಿ, ಯಾಕೆಂದರೆ ಅಲ್ಲಿ ಊಟ ಬೇಗ ಮುಗಿಯುವ ಸಂಗತಿಯಲ್ಲ.

ಊರು ಬಾದಾಮಿಗೆ ಹೆಸರುವಾಸಿ. ಜನವರಿ ಕೊನೆ, ಫೆಬ್ರವರಿಯಲ್ಲಿ ಮರಗಳು ಹೂಬಿಟ್ಟಾಗ ಹಬ್ಬವೇ ನಡೆಯುತ್ತದೆ. ಆಗ ಜಾಗ ಸಿಗುವುದು ಕಷ್ಟ. ಸಿಹಿ ಅಂಗಡಿಯಲ್ಲಿ ಬಿಯೆನ್‌ಮೆಸಾಬೆ ಕೇಳಿ. ಬಾದಾಮಿ, ಸಕ್ಕರೆ, ನಿಂಬೆಸಿಪ್ಪೆ, ದಾಲ್ಚಿನ್ನಿ ಸೇರಿದ ಗೊಜ್ಜಿನಂಥ ಸಿಹಿ, ಆದರೆ ಮೊಟ್ಟೆಯ ಹಳದಿ ಇರುತ್ತದೆ. ಪೊಲ್ವೊರೋನ್ ಬಿಸ್ಕತ್ತಿಗೆ ಸಾಂಪ್ರದಾಯಿಕವಾಗಿ ಹಂದಿ ಕೊಬ್ಬು ಹಾಕುತ್ತಾರೆ. ಅತ್ತೆಗೆ ಎರಡೂ ಆಗಲಿಲ್ಲ, ಸಕ್ಕರೆ ಪಾಕದ ಬಾದಾಮಿ ಕೊಡಿಸಿದೆ.

ಬಿಯೆನ್‌ಮೆಸಾಬೆ ಬಾಟಲಿಯನ್ನು ದೊಡ್ಡ ಸೂಟ್‌ಕೇಸಿನಲ್ಲೇ ಇಡಿ. ವಿಮಾನದ ಕೈಚೀಲದ ಲೆಕ್ಕದಲ್ಲಿ ಅದು ದ್ರವ, 100 ಮಿಲಿ ದಾಟುವಂತಿಲ್ಲ. ನಮ್ಮದು ತಪಾಸಣೆಯಲ್ಲಿ ಸಿಕ್ಕಿಬಿತ್ತು. ಬಿಸಾಡಲು ಮನಸ್ಸಾಗದೆ ನಮ್ಮೆಜಮಾನರು ಸಾಲಿನಿಂದ ಪಕ್ಕಕ್ಕೆ ಸರಿದು, ಚಮಚವಿಲ್ಲದೆ, ಬೆರಳಲ್ಲೇ ಅರ್ಧ ಬಾಟಲಿ ಮುಗಿಸಿದರು.