ಹೊಸ ಬೇರು ಮೂಡಿದಾಗಲೇ ಆರ್ಕಿಡ್ ಕುಂಡ ಬದಲಿಸಿ

ಆರ್ಕಿಡ್ ಕುಂಡ ಯಾವ ತಿಂಗಳಲ್ಲಿ ಬದಲಿಸಬೇಕು? ತಿಂಗಳು ನೋಡಬೇಡಿ, ಬೇರು ನೋಡಿ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಕ್ಯಾಟ್ಲಿಯಾ, ಡೆಂಡ್ರೋಬಿಯಂ ಜಾತಿಯ ಆರ್ಕಿಡ್‌ಗಳು ಹೆಚ್ಚಾಗಿ ಅಡ್ಡಮಳೆ ಬಿದ್ದು ಗಾಳಿಯಲ್ಲಿ ತೇವ ಏರಿದ ಮೇಲೆ, ರೋಹಿಣಿ-ಮಿರಗ ಮಳೆಯ (ಮೇ ಕೊನೆ-ಜೂನ್) ಹೊತ್ತಿಗೆ ಹೊಸ ಬೇರು ಬಿಡುತ್ತವೆ. ಆದರೆ ಎಲ್ಲ ಗಿಡವೂ ಹಾಗಲ್ಲ. ಕೆಲವು ಕ್ಯಾಟ್ಲಿಯಾಗಳು ಹೊಸ ಗಡ್ಡೆ (ಮಿಶ್ರಣದ ಮೇಲೆ ನಿಲ್ಲುವ ಉಬ್ಬಿದ ಕಾಂಡ) ಪೂರ್ತಿ ಬಲಿತ ಮೇಲೆಯೇ ಬೇರು ಬಿಡುತ್ತವೆ.

ಬಲಿತ ಬೇರುಗಳು ಹಳೆಯ ಕುಂಡದ ತೇವಕ್ಕೆ, ಗಾಳಿಗೆ ಹೊಂದಿಕೊಂಡು ಬೆಳೆದಿರುತ್ತವೆ. ಎಷ್ಟೇ ನಾಜೂಕಾಗಿ ಬಿಡಿಸಿದರೂ ಅವುಗಳಲ್ಲಿ ಒಂದಷ್ಟು ಸಾಯುತ್ತವೆ. ಆಗಷ್ಟೇ ಮೂಡಿದ ಬೇರು ನೇರವಾಗಿ ಹೊಸ ಮಿಶ್ರಣಕ್ಕೆ (ಮಣ್ಣಿನ ಬದಲು ಕುಂಡಕ್ಕೆ ತುಂಬುವ ಇದ್ದಿಲು, ತೊಗಟೆಯಂಥ ಚೂರುಗಳಿಗೆ) ಇಳಿದು ಅಲ್ಲಿಗೇ ಒಗ್ಗುತ್ತದೆ. ಬೇರು ಬಿಡದ ಹೊತ್ತಿನಲ್ಲಿ ಕುಂಡ ಬದಲಿಸಿದರೆ ಹಳೆಯವು ಸತ್ತು, ಹೊಸವು ಬಾರದೆ, ಗಿಡ ತಿಂಗಳುಗಟ್ಟಲೆ ಸುಕ್ಕುಗಟ್ಟಿ ನಿಲ್ಲುತ್ತದೆ. ಮಿಶ್ರಣ ಕೊಳೆತು ವಾಸನೆ ಬಂದಿದ್ದರೆ ಮಾತ್ರ ಕಾಯಬೇಡಿ, ಕೂಡಲೇ ತೆಗೆಯಿರಿ.

ಕ್ಯಾಟ್ಲಿಯಾದಲ್ಲಿ ಹೊಸ ಗಡ್ಡೆಯ ಬುಡದಲ್ಲಿ ಒಣಪೊರೆಯ ಕೆಳಗೆ ಸಣ್ಣ ಗುಬುಟು ಕಾಣುತ್ತದೆ. ಫೆಲನಾಪ್ಸಿಸ್ ಜಾತಿಯ ಆರ್ಕಿಡ್‌ನಲ್ಲಿ ಎಲೆಗಳ ಸಂದಿನಿಂದ ನುಣುಪಾದ, ದುಂಡು ತುದಿಯ ಬೇರು ಹೊರಬರುತ್ತದೆ. ತುದಿ ಚಪ್ಪಟೆಯಾಗಿ, ಪದರ ಪದರವಾಗಿದ್ದರೆ ಅದು ಹೂದಂಟು, ಆಗ ಹೂ ಮುಗಿಯುವವರೆಗೆ ಬಿಟ್ಟುಬಿಡಿ. ಕೆಲಸಕ್ಕೆ ಸರಿಯಾದ ಹೊತ್ತು ಬೇರು ಗುಬುಟಾಗಿ ಕಂಡಾಗಿನಿಂದ ಸುಮಾರು 1 ಸೆಂ.ಮೀ. ಆಗುವವರೆಗೆ. ಅದಕ್ಕಿಂತ ಉದ್ದವಾದರೆ ಕೈ ತಗುಲಿದರೂ ಪಟಕ್ಕನೆ ಮುರಿಯುತ್ತದೆ. ಗಿಡ್ಡ ಬೇರಿನ ತುದಿ ಮುರಿದರೆ ಅದು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ನಾಲ್ಕೈದು ಸೆಂ.ಮೀ. ದಾಟಿದ್ದರೆ ಮುರಿದ ಜಾಗದ ಹಿಂದಿನಿಂದ ಕವಲೊಡೆಯುತ್ತದೆ. ಹಾಗಾಗಿ ಗುಬುಟು ಕಂಡ ವಾರದಲ್ಲೇ ಇದ್ದಿಲು, ಕುಂಡ ಎಲ್ಲ ಹೊಂದಿಸಿಕೊಂಡಿರಬೇಕು.

ಕೀಳುವ ಮೊದಲು ಕುಂಡವನ್ನು ಅರ್ಧ ತಾಸು ನೀರಲ್ಲಿ ಇಡಿ, ಹಳೆಯ ಬೇರು ಮೆತ್ತಗಾಗಿ ಬಾಗುತ್ತದೆ. ಪ್ಲಾಸ್ಟಿಕ್ ಕುಂಡವಾದರೆ ಕತ್ತರಿಯಿಂದ ಸೀಳಿಬಿಡಿ. ಮಣ್ಣಿನ ಕುಂಡಕ್ಕೆ ಬೇರು ಅಂಟಿದ್ದರೆ ಒಡೆದು, ಚೂರನ್ನು ಬೇರಿನ ಜೊತೆಗೇ ಬಿಡುವುದು ಮೇಲು. ಒತ್ತಿದರೆ ಗಟ್ಟಿ ಇರುವ ಬೇರು ಉಳಿಯಲಿ. ಮೇಲಿನ ಪದರ ಜಾರಿ ಒಳಗಿನ ದಾರ ಮಾತ್ರ ಉಳಿಯುವುದನ್ನು ಕತ್ತರಿಸಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಬ್ಲೇಡನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿ. ಆರ್ಕಿಡ್‌ನ ನಂಜುರೋಗಗಳು (ವೈರಸ್) ಹೆಚ್ಚಾಗಿ ಕತ್ತರಿಯ ಮೂಲಕವೇ ದಾಟುತ್ತವೆ, ಒಮ್ಮೆ ಹತ್ತಿದರೆ ಔಷಧವಿಲ್ಲ. ಗಿಡ ಭಾಗ ಮಾಡುವುದಾದರೆ ಒಂದೊಂದಕ್ಕೂ ಕನಿಷ್ಠ ಮೂರು ಗಡ್ಡೆ ಇರಲಿ. ಕೊಯ್ದ ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಬಹುದು, ಬೇರಿಗೆ ತಾಗಿಸಬೇಡಿ, ಅದು ಬೇರನ್ನು ಒಣಗಿಸುತ್ತದೆ.

ನಮ್ಮ ಕಡೆಯ ಎರಿ (ಕಪ್ಪು) ಮಣ್ಣನ್ನಂತೂ ಒಂದು ಹಿಡಿಯೂ ಹಾಕಬೇಡಿ. ಈ ಗಿಡಗಳ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು, ಎರಿ ಮಣ್ಣು ಒದ್ದೆಯಾದರೆ ಗಾಳಿಯಾಡುವ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಡೆಂಡ್ರೋಬಿಯಂ, ಕ್ಯಾಟ್ಲಿಯಾಗೆ 2-3 ಸೆಂ.ಮೀ. ಗಾತ್ರದ ಕಟ್ಟಿಗೆ ಇದ್ದಿಲು ಮತ್ತು ಇಟ್ಟಂಗಿ ಚೂರು ಸಮಸಮ ಸಾಕು. ಫೆಲನಾಪ್ಸಿಸ್‌ಗೆ ಪೈನ್ ತೊಗಟೆ ಮೂರು ಪಾಲು, ಇದ್ದಿಲು ಒಂದು ಪಾಲು, ತೆಂಗಿನ ಸಿಪ್ಪೆಯ ತುಂಡು ಒಂದು ಪಾಲು. ಸಿಪ್ಪೆಯನ್ನು ಒಂದು ದಿನ ನೆನೆಯಿಟ್ಟು ಎರಡು-ಮೂರು ಸಲ ನೀರು ಚೆಲ್ಲಿ, ಅದರ ಉಪ್ಪು ಬೇರಿನ ತುದಿ ಸುಡುತ್ತದೆ. ಧಾರವಾಡದ ಜಿಟಿಜಿಟಿ ಮಳೆಗೆ ಇದ್ದಿಲು ಹೆಚ್ಚಿರಲಿ. ಗದಗಿನ ಒಣ ಹವೆಗೆ ಸಿಪ್ಪೆ ಸ್ವಲ್ಪ ಏರಿಸಿ.

ಕುಂಡ ದೊಡ್ಡದಿದ್ದರೆ ಒಳ್ಳೆಯದು ಅನ್ನುವ ನಂಬಿಕೆ ಬಹಳ ಗಿಡ ಕೊಂದಿದೆ, ನಡುಮಧ್ಯ ಒಣಗುವುದೇ ಇಲ್ಲ. ಕ್ಯಾಟ್ಲಿಯಾದ ಹಳೆಯ ಗಡ್ಡೆಯನ್ನು ಅಂಚಿಗೆ ತಾಗಿಸಿ, ಹೊಸ ಚಿಗುರಿನ ಮುಂದೆ ಎರಡು ಗಡ್ಡೆಗೆ ಆಗುವಷ್ಟು ಜಾಗ ಬಿಡಿ. ಗಡ್ಡೆಗಳನ್ನು ಜೋಡಿಸುವ ಅಡ್ಡಕಾಂಡ ಮಿಶ್ರಣದ ಮೇಲೆಯೇ ಕಾಣಬೇಕು, ಹೂತರೆ ಕೊಳೆಯುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು, ಗಿಡ ಅಲುಗಾಡಬಾರದು. ಜನ ಕಡೆಗಣಿಸುವುದೂ ಇದನ್ನೇ. ಗಿಡ ಒಂದಿಷ್ಟೇ ತೂಗಿದರೂ ಹೊಸ ಬೇರಿನ ಎಳೆ ತುದಿ ಇದ್ದಿಲಿಗೆ ಉಜ್ಜಿ ಮೊಂಡಾಗುತ್ತದೆ, ಆಮೇಲೆ ಬೆಳೆಯುವುದಿಲ್ಲ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವ ಮಳೆಗಾಲದ ಪಡುವಣ ಗಾಳಿ ನಮ್ಮ ಮಾಳಿಗೆಯ ಮೇಲೂ ಬೀಸುತ್ತದೆ. ಬಿದಿರು ಕಡ್ಡಿ ನೆಟ್ಟು, ಹಳೆಯ ಗಡ್ಡೆಗಳನ್ನು ಹತ್ತಿಯ ದಾರದಿಂದ ಎರಡು ಕಡೆ ಬಿಗಿಯಿರಿ. ಒಂದು ಎಲೆ ಹಿಡಿದು ಮೆಲ್ಲಗೆ ಎತ್ತಿದರೆ ಗಿಡದ ಜೊತೆ ಕುಂಡವೂ ಏಳಬೇಕು.

ಗಾಯ ಆರಲು ಎರಡು-ಮೂರು ದಿನ ನೀರು ಹಾಕದೆ, ಬೆಳಿಗ್ಗೆ ಎಲೆಗೆ ತೆಳುವಾಗಿ ಸಿಂಪಡಿಸಿ. ನೆರಳಿರಲಿ, ಜಡಿಮಳೆ ಮೇಲೆ ಬೀಳದಿರಲಿ. ಆಮೇಲೆ ಮಿಶ್ರಣ ಒಣಗಿದಂತೆ ನೀರು ಕೊಡಿ. ಮಳೆನೀರು ಹಿಡಿದಿಟ್ಟಿದ್ದರೆ ಅದೇ ಉತ್ತಮ, ಗಡಸು ಬೋರ್ ನೀರಿನಿಂದ ಬೇರಿನ ತುದಿ ಕಪ್ಪಾಗುತ್ತದೆ. ಎಲೆ ಸುಕ್ಕಾದರೆ ಗಾಬರಿಯಿಂದ ಕೊಡಗಟ್ಟಲೆ ಸುರಿಯಬೇಡಿ, ಕುಡಿಯಲು ಬೇರೇ ಕಡಿಮೆ ಇರುತ್ತದೆ. ಬೇರು 5 ಸೆಂ.ಮೀ. ಆದ ಮೇಲೆ ಗೊಬ್ಬರದಂಗಡಿಯಲ್ಲಿ ಸಿಗುವ, ನೀರಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂ ಹಾಕಿ ವಾರಕ್ಕೊಮ್ಮೆ ಕೊಡಿ, ಅದಕ್ಕೂ ಮೊದಲು ಬೇಡ.

ನಿನ್ನೆ ಇದ್ದ ಹಸಿರು ತುದಿ ಇವತ್ತು ಕಡಿದಂತೆ ಮಾಯವಾಗಿದ್ದರೆ ಅದು ಬಸವನಹುಳ ಅಥವಾ ಜಿರಳೆಯ ಕೆಲಸ. ಮಳೆಗಾಲದಲ್ಲಿ ರಾತ್ರಿ ಟಾರ್ಚ್ ಹಿಡಿದು ಕುಂಡದ ತಳದ ತೂತುಗಳನ್ನೂ ನೋಡಿ. ಸಂಜೆ ಮಿಶ್ರಣದ ಮೇಲೆ ಸವತಿಕಾಯಿ ಹೋಳು ಇಟ್ಟು ಬೆಳಕು ಹರಿಯುವ ಮೊದಲೇ ಎತ್ತಿದರೆ ಸಣ್ಣ ಹುಳಗಳು ಅದರ ಅಡಿಗೆ ಅಂಟಿಕೊಂಡು ಬರುತ್ತವೆ. ಬೇರುಗಳು ಮಿಶ್ರಣದೊಳಗೆ ಇಳಿಯುವವರೆಗೆ ವಾರಕ್ಕೆ ಎರಡು ಸಲವಾದರೂ ಹೀಗೆ ಮಾಡಿ.